ಜಾಲರಿಯ ಮೇಲಿನ ಹೂವು

ಮುಳಬಾಗಿಲಿನಲ್ಲಿ ನಾನು ಗಾಡಿಗಳ ಎಸಿ ರಿಪೇರಿ ಮಾಡುತ್ತೇನೆ. ಒಂದು ಬೇಸಿಗೆ ಮಧ್ಯಾಹ್ನ ಕ್ಯಾಲನೂರಿನ ಗಂಡಹೆಂಡತಿ ಮಂಚ, ಒಲೆ, ಸಿಂಕು ಎಲ್ಲ ಇರುವ ಮನೆಯಂಥ ವ್ಯಾನು ತಂದು ನಿಲ್ಲಿಸಿದರು. ಡ್ಯಾಶ್‌ಬೋರ್ಡಿನ ಎಸಿ ಸದ್ದು ಮಾಡುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ.

"ಇದು ಸರಿಹೋಗ್ದಿದ್ರೆ ನಾನು ಇಲ್ಲಿಂದ್ಲೇ ಬಸ್ಸು ಹತ್ತಿ ಮನೆಗೆ ಹೋಗ್ತೀನಿ," ಎಂದರು ಆಯಮ್ಮ. ಯಜಮಾನರು ನನ್ನ ಮುಖ ನೋಡಿದರು.

ಗ್ಯಾಸು ಸರಿಯಿತ್ತು, ಫ್ಯಾನೂ ತಿರುಗುತ್ತಿತ್ತು. ಫಿಲ್ಟರ್ ಹೊರಗೆಳೆದರೆ ಒಣಗಿದ ಚೆಂಡುಹೂವಿನ ಎಸಳು, ಗರಿಕೆ, ಅಕ್ಷತೆ ಬೊಗಸೆ ತುಂಬ ಬಂತು.

"ಪೂಜೆ ಎಲ್ಲಿ ಮಾಡಿಸ್ತೀರ ಸಾರ್?"

"ಕುರುಡುಮಲೆ ಗಣಪನ ಹತ್ರ. ಪ್ರತಿ ಸಲ ಹೊರಡೋ ಮುಂಚೆ."

"ಮಾಡಿಸಿ, ಬೇಡ ಅನ್ನಲ್ಲ. ಮುಂದಿನ ಗಾಜಿನ ಕೆಳಗಿರೋ ಜಾಲರಿ ಮೇಲೆ ಮಾತ್ರ ಹೂವು ಹಾಕ್ಬೇಡಿ. ಗಾಳಿ ಒಳಗೆ ಹೋಗೋ ದಾರೀನೇ ಅದು."

"ದೇವರ ಹೂವು ಕಣಪ್ಪ, ಕಸಕ್ಕೆ ಹಾಕ್ಬೇಡ," ಎಂದು ಆಯಮ್ಮ ಅದನ್ನೆಲ್ಲ ಸೆರಗಿಗೆ ಹಾಕಿಸಿಕೊಂಡರು.

ಹೊಸ ಫಿಲ್ಟರ್ ಹಾಕಿದ ಮೇಲೆ ಗಾಳಿ ರೊಯ್ಯನೆ ಬಂತು. ಬಸ್ಸಿನ ಮಾತು ಅಲ್ಲಿಗೆ ನಿಂತಿತು. ಕೆಲಸ ಮುಗಿದ ಗಾಡಿಗೆ ಊದುಬತ್ತಿ ಬೆಳಗಿ, ಒಂದು ಹೂವಿಟ್ಟು ಕಳಿಸುವುದು ನಮ್ಮಪ್ಪನ ಕಾಲದಿಂದಲೂ ನಮ್ಮ ಅಂಗಡಿಯ ಪದ್ಧತಿ. ಹಾಗೇ ಇಟ್ಟು, ಕೈಮುಗಿದೆ.

ಯಜಮಾನರು ಮೆಲ್ಲಗೆ ಕೆಮ್ಮಿದರು. ಕಣ್ಣುಬಿಟ್ಟು ನೋಡಿದರೆ ನನ್ನ ಹೂವು ಅದೇ ಜಾಲರಿಯ ಮೇಲೆ ಕೂತಿತ್ತು.

"ತೆಗೀಲಾ?" ಎಂದರು.

ದೇವರ ಹೆಸರಿನಲ್ಲಿ ಇಟ್ಟದ್ದನ್ನು ತೆಗೆಸಲು ನನಗೂ ಮನಸ್ಸು ಬರಲಿಲ್ಲ.

"ಒಂದೇ ಒಂದಲ್ವಾ ಸಾರ್, ಇರ್ಲಿ ಬಿಡಿ," ಎಂದೆ.