ಕಂಪ್ಯೂಟರಿಗೆ ಹೊದಿಸಿದ ಕೌದಿ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಒಂದು ಕಪ್ಪು ಗೆರೆ ಕೂತುಬಿಟ್ಟಿತ್ತು. ನಕ್ಷೆ ಬರೆಯುವ ಶಾಯಿ ಚರ್ಮದೊಳಗೇ ಇಳಿದದ್ದು. ಸೀಮೆಎಣ್ಣೆ, ನಿಂಬೆಹಣ್ಣು ಎಲ್ಲ ಹಚ್ಚಿ ತಿಕ್ಕಿದರೂ ಹೋಗಲಿಲ್ಲವೆಂದು ಅವರ ಹೆಂಡತಿ ಹೇಳುತ್ತಿದ್ದರು. ನಾನು ಮದುವೆಯಾಗಿ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿಗೆ ಬಂದ ಹೊಸತರಲ್ಲಿ ಮೊದಲು ಕಂಡದ್ದು ಆ ಕೈಯನ್ನೇ. ಹಿತ್ತಲ ಗೋಡೆಯ ಆಚೆಯಿಂದ ಒಂದು ಸ್ಟೀಲ್ ಡಬ್ಬಿ ಹಿಡಿದು ಈಚೆ ಬಂದಿತ್ತು. ಡಬ್ಬಿಯಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಮುಚ್ಚಳ ಕಟಕಟ ಸದ್ದು ಮಾಡುತ್ತಿತ್ತು, ಏಕೆಂದರೆ ಕೈ ನಡುಗುತ್ತಿತ್ತು.

ಕ್ಯಾಂಪಿಗೆಲ್ಲ ಅವರು ನಕಾಶಿ ಕಾಕಾ. ಕಾಲುವೆ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ. ಕಾಲುವೆ ಇನ್ನೂ ಕಾಗದದ ಮೇಲಿದ್ದಾಗಲೇ ಅದನ್ನು ಬಲ್ಲವರು. ಸೊಟ್ಟಗಿರುವುದನ್ನು ಕಂಡರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ನಮ್ಮ ಮನೆಗೆ ಬಂದರೆ ಮೊದಲು ಗೋಡೆಯ ಕ್ಯಾಲೆಂಡರ್ ನೆಟ್ಟಗೆ ಮಾಡಿ ಆಮೇಲೆ ಕೂಡುತ್ತಿದ್ದರು. ಗೋಗಿಗೆ ಹೋಗುವ ಆಟೋದಲ್ಲಿ ಕಾಲುವೆ ಕಂಡರೆ ಸಾಕು, ಪಕ್ಕದಲ್ಲಿ ಯಾರೇ ಕೂತಿರಲಿ, ಮೊಣಕೈಯಿಂದ ತಿವಿದು "ಆ ತಿರುವು ನೋಡ್ರಿ, ಅದು ನಂದು" ಎನ್ನುತ್ತಿದ್ದರು. ಭತ್ತದ ಗದ್ದೆಗಳ ನಡುವೆ ಆ ತಿರುವು ನಿಜಕ್ಕೂ ಚೆಂದವಿತ್ತು.

ಕೈ ನಡುಗಲು ಶುರುವಾದ ಮೇಲೆ ಅವರನ್ನು ಟಪಾಲು ವಿಭಾಗದಲ್ಲಿ ಕೂರಿಸಿದ್ದರು. ಲಕೋಟೆಗಳಿಗೆ ಅಂಟು ಹಚ್ಚುವ ಕೆಲಸ. ಅದೇ ಹೊತ್ತಿಗೆ ಆಫೀಸಿನ ನಕ್ಷೆಗಳೆಲ್ಲ ಕಂಪ್ಯೂಟರಿಗೆ ಬರತೊಡಗಿದ್ದವು. ಕೈ ನಡುಗಿದರೂ ಕಂಪ್ಯೂಟರಿನಲ್ಲಿ ಗೆರೆ ನಡುಗುವುದಿಲ್ಲ ಎಂದು ಯಾರೋ ಹೇಳಿದ್ದೇ ತಡ, ಕಾಕಾ ಕಲಬುರಗಿಯಿಂದ ಒಂದು ಕಂಪ್ಯೂಟರ್ ಹೊತ್ತುಕೊಂಡು ಬಂದರು. ಅವರ ಮೇಲಿನ ಎಂಜಿನಿಯರ್ ಒಳ್ಳೆಯವರು. ಕಾಲುವೆಗೆ ನೀರು ನಿಲ್ಲಿಸಿ ದುರಸ್ತಿ ಶುರು ಮಾಡುವುದರೊಳಗೆ ಒಂದು ಹಾಳೆ ಪೂರ್ತಿ ಬರೆದು ತೋರಿಸಿದರೆ ನಕ್ಷೆಯ ಟೇಬಲ್ ಮತ್ತೆ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಆದರೆ ಆ ಕಂಪ್ಯೂಟರ್ ಅವರನ್ನು ಗೋಳಾಡಿಸಿತು. ಕಾಲುವೆಯ ತಿರುವಿಗೆ ಬಂದರೆ ಸಾಕು, ಪರದೆ ಒಮ್ಮೆ ಕಪ್ಪಾಗಿ, ಮಿಣುಕಿ, ಡಿಸ್‌ಪ್ಲೇ ಡ್ರೈವರ್ ಕೆಲಸ ನಿಲ್ಲಿಸಿದೆ ಎಂದು ಬರೆದು ತೋರಿಸುತ್ತಿತ್ತು. ಇಲ್ಲವೇ ಇಡೀ ಯಂತ್ರವೇ ಬಂದ್.

ಒಂದು ದಿನ ಕಾಕಾ ಗೋಡೆಯ ಹತ್ತಿರ ಬಂದು ಕೇಳಿದರು: "ಯವ್ವಾ, ನಿಂಗ ಕಂಪ್ಯೂಟರ್ ಬರ್ತದಂತ ಕೇಳೀನಿ. ಖರೇ ಏನು?"

"ಬರ್ತದರಿ ಕಾಕಾ" ಎಂದೆ. ನನ್ನದು ಕಂಪ್ಯೂಟರ್ ಡಿಪ್ಲೊಮಾ ನಿಜ. ಆದರೆ ಕಂಪ್ಯೂಟರಿನ ಡಬ್ಬಿ ಬಿಚ್ಚಿದ್ದನ್ನು ದೂರದಿಂದ ನೋಡಿದ್ದೆ ಅಷ್ಟೆ. ಮದುವೆಯಾದ ಮೇಲೆ ನನ್ನ ಓದಿನ ಬಗ್ಗೆ ಯಾರಾದರೂ ಕೇಳಿದ್ದು ಅದೇ ಮೊದಲು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಅವರ ಮನೆಗೆ ಹೋಗಿ ನೋಡಿದರೆ ಪರದೆಯೊಂದು ಬಿಟ್ಟು ಕಂಪ್ಯೂಟರ್ ಕಾಣಲೇ ಇಲ್ಲ! ಕಾಕು, ಅಂದರೆ ಅವರ ಹೆಂಡತಿ, ತಮ್ಮ ಹಳೆಯ ಸೀರೆಗಳನ್ನು ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ ಅದಕ್ಕೊಂದು ಕೌದಿ ಹೊಲಿದಿದ್ದರು. ನಡುವೆ ಮದುವೆ ಸೀರೆಯ ಅಂಚು. ಹತ್ತಿ ಬಿಡಿಸುವ ಕಾಲಕ್ಕೆ ನಮ್ಮ ಕಡೆ ಎರೆಮಣ್ಣಿನ ಧೂಳು ಎಲ್ಲದರ ಮೇಲೂ ಕೂಡುತ್ತದೆ. ಅದಕ್ಕೇ ಡಬ್ಬಿಗೆ ಬೆಚ್ಚಗೆ ಹೊದಿಸಿ, ಒತ್ತುವ ಗುಂಡಿಯಷ್ಟನ್ನೇ ಹೊರಗೆ ಬಿಟ್ಟಿದ್ದರು, ಸೆರಗು ಹೊದ್ದ ಮದುಮಗಳ ಮುಖದಂತೆ. ನನಗೆ ನಗು ಬಂತು, ಏನೂ ಹೊಳೆಯಲಿಲ್ಲ.

ನಾನು ಇಂಟರ್ನೆಟ್ಟಿನಿಂದ ಹೊಸ ಡ್ರೈವರ್ ತಂದು ಹಳೆಯದರ ಮೇಲೇ ಹಾಕಿದೆ. ಮರುದಿನ ಮತ್ತೆ ಅದೇ ಹಾಡು. ಕಾಕಾಗೆ ಸಿಟ್ಟು ಬರಲಿಲ್ಲ. ಈ ಡ್ರೈವರ್ ಅಂದರೇನು ತಿಳಿಸಿ ಹೇಳು ಎಂದರು. ನನಗೆ ಹೊಳೆದಂತೆ ಹೇಳಿದೆ: ಮೇಲಿನವರ ಹುಕುಂ ಕೇಳಿ ಕಾಲುವೆಯ ಗೇಟು ಎತ್ತುವ ಆಳು ಇರ್ತಾನಲ್ಲ, ಹಾಗೆ. ಕಂಪ್ಯೂಟರಿನ ಮಾತನ್ನು ಚಿತ್ರ ಮೂಡಿಸುವ ಕಾರ್ಡಿಗೆ ಮುಟ್ಟಿಸುವವನು.

"ಹಂಗಾದ್ರ ನೀ ಹಳೇ ಆಳನ್ನ ಬಿಡಸಲಾರದ ಹೊಸಬನ್ನ ಕೂಡಿಸೀದಿ. ಒಂದು ಗೇಟಿಗೆ ಇಬ್ಬರಂದ್ರ ಕೀಲಿ ಯಾರ ಹತ್ರ ಅಂತ ಜಗಳ ಬೀಳಲಾರದ ಇರ್ತದೇನು? ಮೊದಲ ಗೇಟ್ ಬಂದ್ ಮಾಡವ್ವ. ನೀರು ಹರಿಯೂಮುಂದ ಒಡಕು ಹುಡುಕಾಕ ಬರಂಗಿಲ್ಲ."

ಗೇಟ್ ಬಂದ್ ಮಾಡಿದೆವು. ಸೇಫ್ ಮೋಡಿನಲ್ಲಿ, ಅಂದರೆ ತೀರಾ ಬೇಕಾದಷ್ಟೇ ಕೆಲಸ ನಡೆಯುವಂತೆ ತೆರೆದು ಡ್ರೈವರುಗಳನ್ನೆಲ್ಲ ಬೇರು ಸಮೇತ ತೆಗೆದು, ಕಾರ್ಡಿನ ಜತೆ ಬಂದಿದ್ದ ಸಿ.ಡಿ.ಯಿಂದ ಮೊದಲಿನದನ್ನೇ ಹಾಕಿದೆ. ಬೆಳಿಗ್ಗೆ ತಂಪಿನಲ್ಲಿ ಚೆನ್ನಾಗಿ ನಡೆಯಿತು. ಕಾಕಾ ಖುಷಿಯಾಗಿ ಕೂತು ಗೆರೆ ಎಳೆಯತೊಡಗಿದರು. ಆಗ ನೋಡಿದೆ, ಕಂಪ್ಯೂಟರಿನ ಗೆರೆ ನಡುಗುವುದಿಲ್ಲ ಎಂದದ್ದು ಅರ್ಧ ಸುಳ್ಳು. ಮೌಸ್ ಹಿಡಿದ ಕೈ ನಡುಗಿ ಬೇರೆಲ್ಲೋ ಒತ್ತುತ್ತಿತ್ತು. ಎಳೆಯುವುದು, ಅಳಿಸುವುದು, ಮತ್ತೆ ಎಳೆಯುವುದು. ಕಾಕು ಒಳಗಿನಿಂದ ಬಂದ ಸದ್ದಾದರೆ ಸಾಕು, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಪರದೆ ನೋಡುತ್ತಿದ್ದರು. ತಮ್ಮ ಗೆರೆ ತಪ್ಪುವುದನ್ನು ಹೆಂಡತಿ ನೋಡಬಾರದು, ಅಷ್ಟೇ.

ಒಮ್ಮೆ ನನ್ನ ಕಡೆ ತಿರುಗದೆಯೇ ಹೇಳಿದರು: "ಅಂಟು ಹಚ್ಚಿ ರಿಟೈರ್ ಆಗಂಗಿಲ್ಲವ್ವ ನಾ. ಗೆರಿ ಎಳದ ಹೋಗ್ತೀನಿ."

ಮಧ್ಯಾಹ್ನಕ್ಕೆ ಪರದೆ ಮತ್ತೆ ಕಪ್ಪಾಯಿತು. ನನಗೆ ಅಳು ಬಂದುಬಿಟ್ಟಿತು. ಸಿಟ್ಟಿನಲ್ಲಿ ಕೌದಿ ಸರಿಸಿ ಡಬ್ಬಿಗೆ ಒಂದು ಏಟು ಹಾಕಹೋದೆ. ಕೈ ಚುರ್ ಎಂದಿತು! ಡಬ್ಬಿ ಕಾದ ಹಂಚಾಗಿತ್ತು. ಗಾಳಿ ಆಡುವ ಕಿಂಡಿಗಳೆಲ್ಲ ಕೌದಿಯಡಿ ಮುಚ್ಚಿಹೋಗಿದ್ದವು. ಆ ಕಾವಿನ ಮುಂದೆ ಯಾವ ಡ್ರೈವರ್ ಹಾಕಿದರೇನು?

"ಕಾಕು ಅವರಿಗೆ ಹೇಳ್ತೀನ್ರಿ" ಎಂದು ಎದ್ದೆ. ಕಾಕಾ ಕೈಸನ್ನೆ ಮಾಡಿ ಕೂರಿಸಿದರು.

"ಬ್ಯಾಡ. ಆಕಿಗಿ ಈ ಯಂತ್ರ ತಿಳಿಯಂಗಿಲ್ಲ, ನನ್ನ ಕೆಲಸಾನೂ ತಿಳಿಯಂಗಿಲ್ಲ. ತನ್ನ ಕೈಲಾಗೂದು ಮಾಡ್ಯಾಳ. ಅದ ಕೇಡು ಮಾಡ್ತು ಅಂತ ಹ್ಯಾಂಗ ಹೇಳ್ಲಿ?"

ತುಸು ಹೊತ್ತು ಗಲ್ಲ ಕೆರೆದುಕೊಂಡರು. ಆಮೇಲೆ ಅಡುಗೆಮನೆ ಕಡೆ ಕೂಗಿದರು: "ಏನ ಕೇಳಿದ್ಯಾ? ಈ ಕೌದಿ ನಂಗ ಬೇಕಾಗ್ಯದ. ಮಡಚಿ ಕೈ ಕೆಳಗ ಹಾಕ್ಕೊಂಡ್ರ ಕೈ ನಡುಗೂದು ನಿಲ್ತದ. ಡಬ್ಬಿಗಿ ಯಾಕ ಸುಮ್ನ?"

ಒಳಗಿನಿಂದ ಕಾಕು ಬಂದು, ತಾವೇ ಕೌದಿ ಮಡಚಿ ಕೊಟ್ಟು, "ನಿಮ್ಮಿಷ್ಟರಿ" ಎಂದು ಒಳಗೆ ಹೋದರು.

ಹೆಂಡತಿಯ ಮನಸ್ಸು ನೋಯದಿರಲೆಂದು ಹೂಡಿದ ನೆವ ಅದು. ಆದರೂ ಆಡಿದ ಮಾತಿಗೆ ತಕ್ಕಂತೆ ನಡೆಯಬೇಕಲ್ಲ, ಕೌದಿಯನ್ನು ಮೇಜಿನ ಅಂಚಿಗೆ ಇಟ್ಟು ಮುಂಗೈ ಊರಿದರು. ಹಾಸಿದ ಬಟ್ಟೆಯಲ್ಲಿ ಕೈ ಹುದುಗಿ, ಬೆರಳುಗಳು ನಿಧಾನವಾಗಿ ನಿಂತವು. ಪೂರ್ತಿ ಅಲ್ಲ, ಒಂದು ತಿರುವು ಎಳೆಯುವಷ್ಟು. ಎಳೆದರು. ಪರದೆ ಕಪ್ಪಾಗಲಿಲ್ಲ. ಕಾಕಾ ಕಣ್ಣೊರೆಸಿಕೊಂಡು, ಧೂಳು ಬಹಳ ಎಂದರು.

ಹಾಳೆ ಮುಗಿಯಿತು. ಕಾಲುವೆಯ ನೀರು ನಿಲ್ಲುವುದರೊಳಗೆ ಎಂಜಿನಿಯರ್ ಟೇಬಲ್ ಕೊಟ್ಟರು. ಕೌದಿಯೂ ಕೈಚೀಲದಲ್ಲಿ ಆಫೀಸಿಗೆ ಹೋಗಿ ಬರತೊಡಗಿತು. ನಿವೃತ್ತಿಯ ದಿನ ಅವರು ಎದ್ದು ಬಂದದ್ದು ನಕ್ಷೆಯ ಟೇಬಲ್ಲಿನಿಂದಲೇ. ಅಷ್ಟರಲ್ಲಿ ಕ್ಯಾಂಪಿನಲ್ಲಿ ಯಾರ ಮನೆಯ ಕಂಪ್ಯೂಟರ್ ಕೈಕೊಟ್ಟರೂ "ಆಕಿನ್ನ ಕರೀರಿ" ಎಂದು ಕಾಕಾ ನನ್ನ ಹೆಸರು ಹೇಳಿ ಹೇಳಿ, ನನಗೊಂದು ಕಸುಬು ಕಟ್ಟಿಕೊಟ್ಟಿದ್ದರು. ಈಗ ಶಹಾಪುರದಲ್ಲಿ ನನ್ನದೇ ರಿಪೇರಿ ಅಂಗಡಿ ಇದೆ. ಇಂದಿಗೂ ಯಾವ ಯಂತ್ರ ಬಂದರೂ ಮೊದಲು ಗೇಟ್ ಬಂದ್ ಮಾಡುತ್ತೇನೆ.

ಹೋದ ವರ್ಷ ಕಾಕಾ ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ಒಂದು ಬೆಳಿಗ್ಗೆ ಕಾಕು ಆಟೋ ಹತ್ತಿ ಅಂಗಡಿಗೆ ಬಂದರು. ಕೈಚೀಲದಿಂದ ಕೌದಿ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ನೀ ಇಟ್ಕೋ. ಡಬ್ಬಿ ಮ್ಯಾಲ ಮಾತ್ರ ಹೊದಿಸಬ್ಯಾಡವ್ವ, ಕಾಯ್ತದ."

ನಾನು ದಂಗಾದೆ. "ನಿಮಗ ಗೊತ್ತಿತ್ತೇನ್ರಿ ಕಾಕು?"

"ಅವತ್ತು ಮಡಚಾಕ ತಗೊಂಡ್ರ ಸುಡಾಕತ್ತಿತ್ತು. ತಿಳೀತು. ನನ್ನ ಸಲುವಾಗಿ ಅಷ್ಟು ಚಂದ ಸುಳ್ಳು ಹೇಳ್ಯಾರ, ಹ್ಯಾಂಗ ಎತ್ತಿ ಆಡ್ಲಿ? ಕೌದಿಲಿಂದ ಕೈ ನಿಲ್ತದೇನು? ಪಾಪ, ಆಫೀಸಿಗೂ ಹೊತ್ತುಕೊಂಡು ಹೋಗ್ತಿದ್ರು, ನಂಗ ನಂಬಸಾಕ."

"ಸುಳ್ಳಲ್ಲರಿ ಕಾಕು," ಎಂದೆ, "ಕೈ ಖರೇನ ನಿಂತಿತ್ತು. ನಾ ಕಣ್ಣಾರೆ ನೋಡೀನಿ."

ಮದುವೆ ಸೀರೆಯ ಆ ಅಂಚಿನ ಮೇಲೆ, ಕಾಕಾ ಅವರ ಮುಂಗೈ ಊರಿ ಊರಿ ಮಾಸಿದ್ದ ಜಾಗದಲ್ಲಿ, ಕಾಕು ತಮ್ಮ ಕೈ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು.