ಶನಿ ನೋಡಿ ಪರವಾಗಿಲ್ಲ ಅಂದವರು

ಗಂಡ ಧರ್ಮ ತೀರಿಕೊಂಡು ಆರು ತಿಂಗಳಾದರೂ ಗಂಗಾಮಣಿ ಅತ್ತಿರಲಿಲ್ಲ. ಹೆಣದ ಮುಂದೆಯೂ ಅಳಲಿಲ್ಲ, ತಿಥಿಯ ದಿನವೂ ಇಲ್ಲ. ಬಾಳ್ಳುಪೇಟೆಯ ನೆಂಟರು ಏನೇನೋ ಆಡಿಕೊಂಡರು. ಆಡಿಕೊಳ್ಳುವುದನ್ನು ನೆಂಟರಿಗೆ ಯಾರಾದರೂ ಹೇಳಿಕೊಡಬೇಕೇ? ಅವಳಿಗೆ ದುಃಖವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮನಸ್ಸು ಜೋಮು ಹಿಡಿದ ಕಾಲಿನಂತಾಗಿತ್ತು. ತನ್ನ ಜೊತೆ ಬಾಳಿದ್ದು ಆ ಮನುಷ್ಯನಿಗೆ ಹಿತವಾಗಿತ್ತೋ ಇಲ್ಲವೋ ಎಂಬುದೊಂದು ಮಾತ್ರ ಗೊತ್ತಾಗಬೇಕಿತ್ತು. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಧರ್ಮ, ಸಾರು ಹೇಗಿದೆ ಎಂದು ಕೇಳಿದರೂ, ಹೊಸ ಸೀರೆಯುಟ್ಟು ಎದುರು ನಿಂತು ಕೇಳಿದರೂ ಕೊಡುತ್ತಿದ್ದ ಉತ್ತರ ಒಂದೇ: "ಪರವಾಗಿಲ್ಲ." ಈಗ ಬಿಡಿಸಿ ಕೇಳೋಣವೆಂದರೆ ಅವನೇ ಇಲ್ಲ.

ಮನೆಯಲ್ಲಿ ಸುಮ್ಮನೆ ಕೂತು ಮಾಡುವುದೇನೆಂದು ಅವಳು ಆಲೂರಿನ ವಿಜ್ಞಾನ ಬಳಗವೊಂದರಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದಳು. ಬಳಗದವರು ಮೈದಾನದಲ್ಲಿ ಟೆಲಿಸ್ಕೋಪ್ ನಿಲ್ಲಿಸಿ ಊರವರಿಗೆಲ್ಲ ಶನಿಗ್ರಹ ತೋರಿಸಿದರು. ನೋಡಿದವರು ಹೋಗುವಾಗ ಒಂದು ಚೀಟಿಯಲ್ಲಿ ಹೆಸರು, ಫೋನ್ ನಂಬರ್ ಬರೆದು ಗುರುತು ಹಾಕಬೇಕಿತ್ತು: ತುಂಬಾ ಚೆನ್ನಾಗಿತ್ತು, ಚೆನ್ನಾಗಿತ್ತು, ಪರವಾಗಿಲ್ಲ, ಚೆನ್ನಾಗಿರಲಿಲ್ಲ.

ಚೀಟಿ ವಿಂಗಡಿಸುವುದು ಗಂಗಾಮಣಿಯ ಪಾಲಿಗೆ ಬಂತು. ಮುಕ್ಕಾಲು ಪಾಲು ಜನ "ಪರವಾಗಿಲ್ಲ" ಎಂದಿದ್ದರು. ಆ ಮಾತು ಅವಳಿಗೆ ಹೊಸದೇ? ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದೇ ಅದರರ್ಥವೆಂದು ತಿಳಿದು ಸಂಸಾರ ಮಾಡಿದವಳು. ಏನೂ ಅನ್ನಿಸದೆ ಗುಡ್ಡೆ ಹಾಕಿದಳು.

ಕಾರ್ಯಕ್ರಮದ ಉಸ್ತುವಾರಿ ರಶ್ಮಿತಾ ಬೆಂಗಳೂರಿನ ಹುಡುಗಿ. ಗುಡ್ಡೆ ನೋಡಿ ಮುಖ ಸಪ್ಪೆ ಮಾಡಿಕೊಂಡಳು.

"ಜನಕ್ಕೆ ಹಿಡಿಸಿಲ್ಲ ಬಿಡಿ ಆಂಟಿ. ಮುಂದಿನ ವರ್ಷ ಬೇರೆ ತಾಲ್ಲೂಕು ನೋಡೋಣ. ಯಾಕೆ ಹಿಡಿಸ್ಲಿಲ್ಲ ಅಂತ ಒಂದಿಬ್ಬರಿಗೆ ಫೋನ್ ಮಾಡಿ ಕೇಳಿ."

ಮೊದಲು ಸಿಕ್ಕವರು ಕಾಫಿ ತೋಟದ ರಂಗಸ್ವಾಮಿ.

"ಹಿಡಿಸ್ಲಿಲ್ಲ ಅಂತ ಯಾರವ್ವ ಅಂದೋರು?" ಎಂದು ಅವರೇ ಜೋರು ಮಾಡಿದರು. "ಸುತ್ತ ಬಳೆ ತೊಟ್ಕಂಡು ಎಂಗ್ ಕುಂತಿದ್ದ ಶನಿಮಾತ್ಮ! ನೋಡ್ಬುಟ್ಟು ಮೈಯೆಲ್ಲ ಝುಮ್ ಅಂತು. ನಮ್ಮನೇವ್ಳನ್ನ ಕರ್ಕಂಡ್ ಬಂದು ಇನ್ನೊಂದ್ ಸಲ ಸಾಲಲ್ಲಿ ನಿಂತೆ ಕಣವ್ವ."

"ಮತ್ತೆ ಪರವಾಗಿಲ್ಲ ಅಂತ ಯಾಕ್ ಹಾಕಿದ್ರಿ?"

"ಇನ್ನೇನ್ ಹಾಕ್ಲಿ? ಶನಿನ ತುಂಬಾ ಚೆನ್ನಾಗವ್ನೆ ಅಂತ ಹೊಗಳಿ, ಅವ್ನು ಖುಷಿಯಾಗಿ ನಮ್ಮನೇಗೇ ಬಂದ್ಬುಟ್ರೆ?" ರಂಗಸ್ವಾಮಿ ಗಹಗಹಿಸಿ ನಕ್ಕರು. "ಚೆನ್ನಾಗಿರೋದ್ನ ಚೆನ್ನಾಗೈತೆ ಅಂದ್ರೆ ದೃಷ್ಟಿ ಆಯ್ತದೆ. ನಮ್ಮನೇವ್ಳಿಗೂ ನಾನು ಇವತ್ತಿನವರ್ಗೂ ಪರವಾಗಿಲ್ಲ ಅಂತ್ಲೇ ಅಂದಿರೋದು. ಅವ್ಳಿಗೆ ಗೊತ್ತಾಯ್ತದೆ."

"ಗೊತ್ತಾಗಲ್ಲ ಕಣ್ರೀ!" ಗಂಗಾಮಣಿ ಕಿರುಚಿದಳು. "ಗೊತ್ತಾಗಲ್ಲ! ಬಾಯ್ಬಿಟ್ಟು ಒಂದೇ ಒಂದ್ ಸಲ ಚೆನ್ನಾಗೈತೆ ಅಂದಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು?"

ಪಕ್ಕದ ಮೇಜಿನ ರಶ್ಮಿತಾ ಗಾಬರಿಯಿಂದ ಎದ್ದು ನಿಂತಳು. ಆ ಕಡೆ ರಂಗಸ್ವಾಮಿಯವರಿಗೆ, ಹೊಗಳದಿದ್ದರೂ ಶನಿ ಹೆಗಲೇರಿದನೇ ಎನ್ನಿಸಿರಬೇಕು. ಆಮೇಲೆ ಮೆತ್ತಗೆ, "ಆಯ್ತು ಕಣವ್ವ, ತಪ್ಪಾಯ್ತು. ಬರ್ಕೋ. ಚೆನ್ನಾಗಿತ್ತು. ತುಂಬಾನೇ ಚೆನ್ನಾಗಿತ್ತು" ಎಂದರು.

ಬರೆದುಕೊಳ್ಳಲು ಅವಳಿಗೆ ಚೀಟಿ ಕಾಣಿಸಲಿಲ್ಲ. ಫೋನನ್ನು ಕಿವಿಗೆ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅಳುತ್ತಾ, "ಇನ್ನೊಂದ್ ಸಲ ಹೇಳಿ" ಎಂದಳು.