ಘಾಳೆಪ್ಪನ ದಾಳಿಂಬೆ ಕಡ್ಡಿ

"ನಾ ನೆಟ್ಟರ ಊರುಗೋಲಿಗೂ ಬೇರು ಬರ್ತದರಿ!" ಎಂದು ಬೀದರಿಗೆಲ್ಲ ಸಾರುವ ಮಾಲಿ ಘಾಳೆಪ್ಪ, ಕಡ್ಡಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕೊಯ್ದು, ಎಲೆ ಸವರಿ, ನೆರಳಲ್ಲಿ ನೆಟ್ಟು, ನವಾಬರ ಕೂಸಿಗೆ ಹೊದಿಸಿದಂತೆ ಹಸಿ ಅರಿವೆ ಹೊದಿಸುತ್ತಿದ್ದ; ಆದರೆ ಬೆಳಗಾದೊಡನೆ ಬೇರು ಬಂತೇ ಎಂದು ಕಿತ್ತು ನೋಡುತ್ತಿದ್ದ. ಹಾಗೆ ಒಣಗಿದ ಕಡ್ಡಿಗಳ ಉರುವಲಲ್ಲಿ ಅರ್ಧ ಬೀದರ ಚಹಾ ಕಾಸಿಕೊಂಡಿತು. ನಿಜಾಮನ ಕಾಲದ ರಜಾಕಾರರಿಗೆ ಹೆದರಿ ಗಂಡ ಹೆಂಡತಿ ಬಿಟ್ಟುಬಂದ ಸಂತಪುರದ ಮನೆ ಸುಟ್ಟುಹೋಗಿತ್ತು. ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಅಲ್ಲಿನ ಅಂಗಳದ ಅರೆಬೆಂದ ದಾಳಿಂಬೆಯಿಂದ ಅವನು ತಂದ ಕಡ್ಡಿಗಳಲ್ಲಿ ಈಗ ಒಂದೇ ಉಳಿದಿತ್ತು. ಅದಕ್ಕೂ ಕೈಹಾಕಿದಾಗ ಹೆಂಡತಿ ಗುರಮ್ಮ ಚೀರಿದಳು: "ಇದೊಂದರ ಕುತ್ತಿಗಿಯಾರ ಬಿಡ್ರಿ! ದಿನಾ ಕಿತ್ತರ ಹ್ಯಾಂಗ ಬೇರೂರ್ತದ?" ಘಾಳೆಪ್ಪ ಮನೆಯೊಳಗಿನ ಮೂಲೆಯತ್ತ ಬೆರಳು ಮಾಡಿದ: "ಸಂತಪುರದಿಂದ ಓಡಿ ಬರುವಾಗ ಕಟ್ಟಿದ ಗಂಟು ನೀ ಇನ್ನಾ ಬಿಚ್ಚಿಲ್ಲ. ಅದನ್ನ ನೋಡಿ ಕಡ್ಡಿಗಿ ಹ್ಯಾಂಗ ಧೈರ್ಯ ಬರಬೇಕು?"